ಮಣ್ಣಲ್ಲಿ ಇದೆ, ಆದ್ರೆ ಪೈರಿಗೆ ಸಿಗ್ತಿಲ್ಲ: ಭತ್ತ, ಜಿಂಕು, ಮತ್ತೆ ಒಬ್ಬ ವಿಜ್ಞಾನಿ

(ಮಂಡ್ಯ ಕಡೆ ಭತ್ತ ಬೆಳೆಯೋ ರೈತರು, ಜೊತೆಗೆ ಒಂದಷ್ಟು ಅಗ್ರಿ ಓದ್ತಿರೋ ಹುಡುಗ್ರು ಸೇರಿದ್ದ ಸಭೆಲಿ ಮಾತಾಡಿದ್ದು. ರೆಕಾರ್ಡಿಂಗಲ್ಲಿ ನನ್ನ ದನಿಗಿಂತ ಫ್ಯಾನ್ ಸದ್ದೇ ಜಾಸ್ತಿ ಬಂದಿದೆ, ಬರೆದು ಕೊಟ್ಬಿಡಿ ಸಾರ್ ಅಂತ ಹುಡುಗ್ರು ಹಿಂದೆ ಬಿದ್ರು. ಆಡಿದ ಮಾತನ್ನ ಹೆಚ್ಚುಕಮ್ಮಿ ಹಂಗೇ ಬಿಟ್ಟಿದೀನಿ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಎಕರೆಗೆ ಎಷ್ಟು ಚೀಲ ಹಾಕ್ಬೇಕು ಅಂತ ಹೇಳೋರು ಬೇಕಾದಷ್ಟು ಜನ ಇದಾರೆ, ಅಂಗಡಿಯವರೂ ಹೇಳ್ತಾರೆ, ಪಕ್ಕದ ಗದ್ದೆಯವರೂ ಹೇಳ್ತಾರೆ, ಅದಕ್ಕೆ ನಾನು ಬೇಕಿಲ್ಲ. ನಾನಿವತ್ತು ಒಬ್ಬ ವಿಜ್ಞಾನಿ ಮಾಡಿದ ಕೆಲಸದ ಬಗ್ಗೆ ಹೇಳ್ತೀನಿ. ಹೆಸರು ಯಶವಂತ ಲಕ್ಷ್ಮಣ ನೆನೆ. ನಮ್ಮ ಕಡೆ ಈ ಹೆಸರು ಕೇಳಿರೋರು ಕಮ್ಮಿ, ಆದ್ರೆ ನಿಮ್ಮೂರ ಗೊಬ್ಬರದಂಗಡಿ ಮೂಲೆಲಿ ಬಿಳಿ ಹರಳಿನ ಜಿಂಕ್ ಸಲ್ಫೇಟ್ ಚೀಲ ಕೂತಿದ್ಯಲ್ಲ, ಭತ್ತಕ್ಕೆ ಅದನ್ನ ಹಾಕ್ಬೇಕು ಅನ್ನೋ ಪಾಠ ಈ ದೇಶದಲ್ಲಿ ಶುರುವಾಗಿದ್ದು ಅವರಿಂದ.

1960ರಲ್ಲಿ ಉತ್ತರ ಪ್ರದೇಶದ ಪಂತನಗರದಲ್ಲಿ, ಈಗ ಅದು ಉತ್ತರಾಖಂಡಕ್ಕೆ ಸೇರಿದೆ, ಹೊಸದಾಗಿ ಕೃಷಿ ವಿಶ್ವವಿದ್ಯಾಲಯ ಶುರುವಾಯ್ತು. ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿಲಿ, ಅಂದ್ರೆ ಪಾಠ, ಸಂಶೋಧನೆ, ರೈತರಿಗೆ ತಲುಪಿಸೋದು ಮೂರೂ ಒಂದೇ ಕಡೆ ಇರೋ ಹಂಗೆ, ನಮ್ಮ ದೇಶದಲ್ಲಿ ಕಟ್ಟಿದ ಮೊದಲನೇದು ಅದೇ, ಇಲಿನಾಯ್ ವಿಶ್ವವಿದ್ಯಾಲಯದವರು ಕೈಜೋಡಿಸಿದ್ರು. ನೆನೆ ಅವರೂ ಅದೇ ಇಲಿನಾಯ್‌ನಲ್ಲಿ ಪಿಎಚ್‌ಡಿ ಮುಗಿಸಿ ಬಂದಿದ್ದ ಎಳೇ ವಯಸ್ಸಿನ ಸಸ್ಯರೋಗ ವಿಜ್ಞಾನಿ, ಮಣ್ಣಿನ ವಿಜ್ಞಾನಿ ಅಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಪಂತನಗರ ಇರೋದು ಹಿಮಾಲಯದ ಬುಡದ ತರಾಯಿ ಅನ್ನೋ ಪಟ್ಟಿಲಿ. ಮೊದ್ಲು ಕಾಡು, ಸೊಳ್ಳೆ, ಮಲೇರಿಯಾ, ಹುಲಿ. ಸ್ವಾತಂತ್ರ್ಯ ಬಂದ್ಮೇಲೆ ಕಾಡು ಕಡಿದು ಜಮೀನು ಮಾಡಿದ್ರು. ಮಣ್ಣು ಅಂದ್ರೆ ಕಣ್ಣು ತುಂಬೋ ಮಣ್ಣು, ಕಪ್ಪಗೆ, ಎಲೆ ಕೊಳೆತ ಸಾರ ತುಂಬಿದ್ದು, ಸ್ವಲ್ಪ ಅಗೆದ್ರೆ ನೀರು. ಅಂಥಾ ಭೂಮಿಲಿ ಭತ್ತ ನಾಟಿ ಮಾಡಿದ್ರೆ ಏನಾಗ್ಬೇಕು? ಎದ್ದು ನಿಲ್ಬೇಕು. ಆದ್ರೆ ಅಲ್ಲಿ ನಾಟಿ ಆಗಿ ಎರಡು ಮೂರು ವಾರಕ್ಕೆ ಪೈರು ಅಲ್ಲಲ್ಲಿ ಕೂತ್ಬಿಡೋದು, ಎಳೇ ಎಲೆಯ ನಡುನರ ಬುಡದ ಕಡೆಯಿಂದ ಬೆಳ್ಳಗಾಗೋದು, ಹಳೇ ಎಲೆ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ ಬಿದ್ದು ಅವೆಲ್ಲ ಕೂಡ್ಕೊಂಡು ಎಲೆನೇ ತುಕ್ಕು ಹಿಡಿದಂಗೆ ಆಗೋದು, ತೆಂಡೆ ಒಡೆಯಲ್ಲ, ಬೇರು ಬಿಡಲ್ಲ, ಜಾಸ್ತಿ ಆದ್ರೆ ಸತ್ತೇ ಹೋಗೋದು. ಅಲ್ಲಿನ ಜನ ಅದಕ್ಕೆ ಖೈರಾ ಅಂತಿದ್ರು, ಎಲೆಅಡಿಕೆಗೆ ಹಾಕೋ ಕಾಚಿನ ಬಣ್ಣ ಬರುತ್ತಲ್ಲ, ಅದಕ್ಕೆ.

ಬೆಳೆಗೆ ರೋಗ ಅಂದ್ಮೇಲೆ ಸಸ್ಯರೋಗ ವಿಜ್ಞಾನಿ ಏನು ಹುಡುಕ್ತಾನೆ ಹೇಳಿ? ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್ಸು. ಅವನ ಓದೇ ಅದು, ಅವನ ಮೈಕ್ರೋಸ್ಕೋಪ್ ಇರೋದೇ ಅದಕ್ಕೆ, ಅವನಿಗೆ ಸಂಬಳ ಬರೋದೂ ಅದಕ್ಕೇ. ನೆನೆ ಅವರು ಕೊನೆಗೆ ತೋರಿಸಿದ್ದು ಏನಪ್ಪಾ ಅಂದ್ರೆ ಇದ್ಯಾವ ರೋಗಾಣುನೂ ಕಾರಣ ಅಲ್ಲ, ಪೈರಿಗೆ ಸತುವು, ಅಂದ್ರೆ ಜಿಂಕು, ಸಾಲ್ತಿಲ್ಲ ಅಷ್ಟೇ ಅಂತ. 1966ರಲ್ಲಿ ಭಾರತೀಯ ಸಸ್ಯರೋಗ ಶಾಸ್ತ್ರ ಸಂಘದ ಬುಲೆಟಿನ್‌ನಲ್ಲಿ ಖೈರಾದ ಲಕ್ಷಣ, ಕಾರಣ, ಹತೋಟಿ ಮೂರನ್ನೂ ಬರೆದ್ರು, ಐದಾರು ಪುಟದ ಬರಹ ಅಷ್ಟೇ. ಹೊಲದಲ್ಲಿ ನಿಂತು ಕಾಯಿಲೆ ಸಾಕ್ಷಾತ್ ಕಾಣ್ತಿರುವಾಗ, ನನ್ನ ವಿಷಯಕ್ಕೆ ಇದು ಸೇರಲ್ಲ, ಪಕ್ಕದ ಡಿಪಾರ್ಟ್‌ಮೆಂಟಿಂದು ಇದು ಅಂತ ಒಪ್ಕೊಳೋದು ಸುಲಭ ಅಲ್ಲ ರೀ. ನನಗೆ ಅವರ ಬಗ್ಗೆ ಗೌರವ ಇರೋದು ಇದಕ್ಕೇ, ಪ್ರಶಸ್ತಿ ಬಂತು ಅಂತಲ್ಲ. ಪ್ರಶಸ್ತಿನೂ ಬಂತು ಬಿಡಿ, 1967ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಅಂತಾರಾಷ್ಟ್ರೀಯ ಭತ್ತದ ಪ್ರಶಸ್ತಿ ಕೊಟ್ರು.

ಅವತ್ತು ಪಂತನಗರದಿಂದ ಬಂದ ಮದ್ದು ಇವತ್ತಿಗೂ ಹಂಗೇ ಇದೆ. ಹೆಕ್ಟೇರಿಗೆ 5 ಕೆಜಿ ಜಿಂಕ್ ಸಲ್ಫೇಟು, ಅದರ ಜೊತೆ ಎರಡೂವರೆ ಕೆಜಿ ಸುಣ್ಣ, ಸಾವಿರ ಲೀಟರ್ ನೀರಿಗೆ ಕಲಸಿ ಸಿಂಪಡಿಸೋದು. ನಿಮ್ಮ ಕ್ಯಾನಿನ ಲೆಕ್ಕದಲ್ಲಿ ಲೀಟರಿಗೆ 5 ಗ್ರಾಂ ಜಿಂಕು, ಎರಡೂವರೆ ಗ್ರಾಂ ಸುಣ್ಣದ ತಿಳಿ. ಸುಣ್ಣ ಯಾಕೆ ಅಂದ್ರೆ ಬರೀ ಜಿಂಕ್ ಸಲ್ಫೇಟ್ ನೀರು ಹುಳಿ, ಎಲೆ ಸುಡುತ್ತೆ. ಸಸಿಮಡಿಲಾದ್ರೆ ಸುಣ್ಣದ ಬದಲು 2 ಪರ್ಸೆಂಟ್ ಯೂರಿಯಾ ಸೇರಿಸ್ಬಹುದು.

ಸರಿ, ಇಲ್ಲಿವರೆಗೆ ಕಥೆ. ಈಗ ತಲೆ ಕೆಡೋ ವಿಷಯ. ಅಷ್ಟು ಫಲವತ್ತಾದ ತರಾಯಿ ಮಣ್ಣಲ್ಲಿ ಸತುವು ಇರ್ಲಿಲ್ವಾ? ಇತ್ತು!

ಒಂದು ಲೆಕ್ಕ ಹಾಕೋಣ, ನಮ್ಮ ಎಕರೆ ಲೆಕ್ಕದಲ್ಲೇ. ಗೇಣುದ್ದ ಅಂದ್ಕೊಳ್ಳಿ, ಸುಮಾರು 15 ಸೆಂಟಿಮೀಟರ್ ಮೇಲ್ಮಣ್ಣು, ಒಂದೆಕರೆದು ತೂಗಿದ್ರೆ ಸುಮಾರು 9 ಲಕ್ಷ ಕೆಜಿ ಬರುತ್ತೆ. ಸಾಧಾರಣ ಮಣ್ಣಲ್ಲಿ ಒಟ್ಟು ಸತುವು ಹತ್ತು ಲಕ್ಷ ಪಾಲಿಗೆ 50 ಪಾಲು ಇರುತ್ತೆ ಅಂತಿಟ್ಕೊಂಡ್ರೆ ಎಕರೆಗೆ 45 ಕೆಜಿ ಸತುವು ಆಯ್ತು. ಭತ್ತಕ್ಕೆ ಎಷ್ಟು ಬೇಕು? ಒಂದು ಟನ್ ಕಾಳು ಬೆಳೆಯಕ್ಕೆ ಪೈರು ಹುಲ್ಲು ಕಾಳು ಎಲ್ಲ ಸೇರಿ ಎಳೆಯೋದು ಸುಮಾರು 50 ಗ್ರಾಂ. ಎಕರೆಗೆ 25 ಕ್ವಿಂಟಾಲ್ ಬೆಳೆದ್ರೆ 125 ಗ್ರಾಂ, ಅಂದ್ರೆ ಅರ್ಧಪಾವು ಸಕ್ಕರೆಯಷ್ಟು! 45 ಕೆಜಿ ಇರೋ ಜಾಗದಲ್ಲಿ 125 ಗ್ರಾಂ ಸಿಗದೆ ಪೈರು ಸಾಯ್ತಿದೆ. ಬ್ಯಾಂಕಲ್ಲಿ ಅಪ್ಪನ ಹೆಸರಲ್ಲಿ ಲಕ್ಷಗಟ್ಲೆ ಡಿಪಾಸಿಟ್ ಇದ್ದು ಮಗನ ಕೈಲಿ ಬಸ್ ಚಾರ್ಜಿಗೆ ಕಾಸಿಲ್ಲ ಅನ್ನೋ ತರ.

ಯಾಕಂದ್ರೆ ಆ 45 ಕೆಜಿಲಿ ಮುಕ್ಕಾಲು ಮೂರುವೀಸ ಭಾಗ ಕಲ್ಲಿನ ಹರಳೊಳಗೆ, ಜೇಡಿ ಪದರದೊಳಗೆ, ಸುಣ್ಣಕ್ಕೆ ಅಂಟ್ಕೊಂಡು ಕೂತಿರುತ್ತೆ. ಬೇರಿಗೆ ಸಿಗೋದು ಮಣ್ಣಿನ ನೀರಲ್ಲಿ ಕರಗಿರೋ ಚೂರು, ಅಥವಾ ಸಡಿಲವಾಗಿ ಅಂಟಿರೋದು ಅಷ್ಟೇ. ಈ ಸಿಗೋ ಭಾಗನ ಅಳೆಯೋ ಪರೀಕ್ಷೆನ ಅಮೆರಿಕದ ಲಿಂಡ್ಸೆ ಮತ್ತೆ ನಾರ್ವೆಲ್ ಅನ್ನೋರು ರೂಪಿಸಿದ್ರು, ಡಿಟಿಪಿಎ ಅನ್ನೋ ದ್ರಾವಣದಲ್ಲಿ ಮಣ್ಣನ್ನ ಕುಲುಕಿ ಎಷ್ಟು ಬಿಡುತ್ತೆ ನೋಡೋದು, 1978ರ ಅವರ ಪ್ರಬಂಧನ ಇವತ್ತಿಗೂ ಎಲ್ಲ ಲ್ಯಾಬ್‌ಗಳೂ ಇಟ್ಕೊಂಡಿವೆ. ನಿಮ್ಮ ಮಣ್ಣು ಆರೋಗ್ಯ ಕಾರ್ಡಲ್ಲಿ ಜಿಂಕ್ ಅಂತ ಬರೋ ನಂಬರ್ ಇದೇ. ನಮ್ಮ ದೇಶದಲ್ಲಿ 0.6 ಪಿಪಿಎಂಗಿಂತ, ಅಂದ್ರೆ ಹತ್ತು ಲಕ್ಷ ಪಾಲಿಗೆ 0.6 ಪಾಲಿಗಿಂತ, ಕೆಳಗಿದ್ರೆ ಕೊರತೆ ಅಂತಾರೆ. 0.6 ಅಂದ್ರೆ ಎಕರೆಗೆ ಅರ್ಧ ಕೆಜಿ ಚಿಲ್ಲರೆ. 45 ಕೆಜಿ ಎಲ್ಲಿ, ಅರ್ಧ ಕೆಜಿ ಎಲ್ಲಿ.

ಈಗ ಇದಕ್ಕೆ ನೀರು ನಿಲ್ಲಿಸಿ. ಭತ್ತ ಬಿಟ್ಟು ಬೇರೆ ಯಾವ ಮುಖ್ಯ ಬೆಳೆಗೂ ನಾವು ಈ ಕೆಲಸ ಮಾಡಲ್ಲ, ಉತ್ತು, ನೀರು ಬಿಟ್ಟು, ಕೆಸರು ಮಾಡಿ, ಮಣ್ಣಿನ ಉಸಿರು ಕಟ್ಟಿಸಿ ನಾಟಿ ಮಾಡೋದು. ನೀರು ನಿಂತು ಒಂದೆರಡು ದಿನದೊಳಗೆ ಮಣ್ಣಲ್ಲಿದ್ದ ಆಮ್ಲಜನಕನ ಸೂಕ್ಷ್ಮಜೀವಿಗಳು ಮುಗಿಸಿಬಿಡ್ತವೆ. ಆಮೇಲೆ ಅವಕ್ಕೂ ಬದುಕಬೇಕಲ್ಲ, ಮೊದ್ಲು ನೈಟ್ರೇಟ್ ಹಿಡೀತವೆ, ಅದು ಮುಗಿದ್ಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಗಂಧಕ, ಕಡೆಗೆ ಮೀಥೇನ್ ಬಿಡೋ ಬ್ಯಾಕ್ಟೀರಿಯಾಗಳ ಸರದಿ. ಗದ್ದೆಲಿ ಕಾಲಿಟ್ರೆ ಗುಳುಗುಳು ಅಂತ ಗುಳ್ಳೆ ಏಳುತ್ತಲ್ಲ, ಅದ್ರಲ್ಲಿ ಆ ಮೀಥೇನೂ ಇರುತ್ತೆ. ಬಿಸಿಲಲ್ಲಿ ಕೆಂಪಗಿದ್ದ ಮಣ್ಣು ಕೆಸರಾದ್ಮೇಲೆ ಒಳಗೆ ಬೂದಿ ನೀಲಿ ಬಣ್ಣಕ್ಕೆ ತಿರುಗೋದು ಕಬ್ಬಿಣದ ರೂಪ ಬದಲಾಗೋದ್ರಿಂದ.

ಇದನ್ನೆಲ್ಲ ಒಂದು ಕ್ರಮಕ್ಕೆ ತಂದು ಜಗತ್ತಿಗೆ ಹೇಳಿದೋರು ಶ್ರೀಲಂಕಾದ ಪೊನ್ನಂಪೆರುಮ. 1955ರಲ್ಲಿ ಕಾರ್ನೆಲ್‌ನಲ್ಲಿ ಡಾಕ್ಟರೇಟು ಮಾಡಿದ್ದೂ ನೀರು ನಿಂತ ಮಣ್ಣಿನ ರಸಾಯನಕ್ಕೂ ಭತ್ತದ ಇಳುವರಿಗೂ ಏನು ನಂಟು ಅನ್ನೋದ್ರ ಮೇಲೇ. ಆಮೇಲೆ ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ, ಇರ್ರಿ ಅಂತೀವಲ್ಲ, ಅಲ್ಲಿಗೆ ಹೋದ್ರು. 1972ರಲ್ಲಿ ಅವರು ಬರೆದ ದೊಡ್ಡ ಲೇಖನನ ಭತ್ತದ ಮಣ್ಣು ಓದೋ ಹುಡುಗ್ರು ಯಾರೂ ತಪ್ಪಿಸ್ಕೊಳ್ಳಕ್ಕಾಗಲ್ಲ. ಹುಳಿ ಮಣ್ಣಿಗೆ ನೀರು ನಿಲ್ಸಿದ್ರೆ ಹುಳಿ ಕಮ್ಮಿ ಆಗ್ತಾ ಹೋಗುತ್ತೆ, ಸುಣ್ಣದ ಮಣ್ಣಿಗೆ ನಿಲ್ಸಿದ್ರೆ ಕ್ಷಾರ ಕಮ್ಮಿ ಆಗ್ತಾ ಬರುತ್ತೆ, ಎರಡೂ ಕೆಲವು ವಾರದಲ್ಲಿ 7ರ ಹತ್ತಿರ ಬಂದು ನಿಲ್ತವೆ ಅಂತ ತೋರ್ಸಿದ್ರು. ರಂಜಕಕ್ಕೆ ಇದು ಒಳ್ಳೇದು, ಕಬ್ಬಿಣ ಹಿಡ್ಕೊಂಡಿದ್ದ ರಂಜಕ ಬಿಡುಗಡೆ ಆಗುತ್ತೆ, ಅದಕ್ಕೇ ಒಣ ಭೂಮಿಲಿ ರಂಜಕ ಕಮ್ಮಿ ಅನ್ನಿಸೋ ಮಣ್ಣಲ್ಲೂ ಗದ್ದೆ ಮಾಡಿದಾಗ ಭತ್ತ ತಕ್ಕಮಟ್ಟಿಗೆ ನಡೆಯುತ್ತೆ. ಆದ್ರೆ ಸತುವಿಗೆ ಉಲ್ಟಾ. ನೀರು ನಿಂತಷ್ಟೂ ಸತುವು ಕರಗದ ರೂಪಕ್ಕೆ ಹೋಗುತ್ತೆ, ಬೈಕಾರ್ಬನೇಟು ಜಾಸ್ತಿ ಆಗಿ ಬೇರಿನ ಕೈ ಕಟ್ಟುತ್ತೆ, ಸುಣ್ಣ ಇದ್ರೆ ಅದಕ್ಕೆ ಅಂಟ್ಕೊಳುತ್ತೆ, ಹಸಿ ಎಲೆ ಕಡ್ಡಿ ಕೊಳೀತಾ ಇದ್ರೆ ಇನ್ನೂ ಕಷ್ಟ. ತರಾಯಿಲಿ ಸುಣ್ಣ, ಮೇಲೇ ಇರೋ ನೀರು, ಎಲೆ ಸಾರ, ಮೂರೂ ಒಟ್ಟಿಗೆ ಇದ್ವು. ಮಣ್ಣು ಕಪ್ಪಗೆ ಚೆನ್ನಾಗಿದೆ ಅಂತ ಯಾವುದನ್ನ ಹೊಗಳ್ತಿದ್ರೋ ಅದೇ ಸತುವಿಗೆ ಬೇಲಿ ಹಾಕ್ತಿತ್ತು.

ನೆನೆ ಅವರ ಹಿಂದೇನೇ ಬೇರೆ ಕಡೆಯಿಂದಲೂ ಇದೇ ಸುದ್ದಿ ಬಂತು. ಇರ್ರಿಲಿದ್ದ ಜಪಾನಿನ ಯೋಶಿದಾ ಮತ್ತೆ ತನಾಕಾ 1969ರಲ್ಲಿ ಸುಣ್ಣದ ಮಣ್ಣಲ್ಲಿ ಭತ್ತಕ್ಕೆ ಸತುವಿನ ಕೊರತೆ ಆಗೋದನ್ನ ತೋರ್ಸಿದ್ರು, ಪಾಕಿಸ್ತಾನದಲ್ಲಿ ಹಡ್ಡಾ ಅಂತಿದ್ದ ಕಾಯಿಲೆನೂ ಕೊನೆಗೆ ಇದೇ ಅಂತ ಗೊತ್ತಾಯ್ತು. ಒಂದೊಂದು ಊರಲ್ಲಿ ಒಂದೊಂದು ಹೆಸರು, ಪ್ರತಿ ಊರಲ್ಲೂ ರೋಗ ಅಂತ ಔಷಧಿ ಹೊಡೀತಿದ್ರು, ಎಲ್ಲದರ ಹಿಂದೆ ಒಂದೇ ಲೋಹ. ಇನ್ನೊಂದು ವಿಚಿತ್ರ ನೋಡಿ, ಅದೇ 1960ರ ದಶಕದ ಶುರುಲಿ ಇರಾನಿನ ಶಿರಾಜ್‌ನಲ್ಲಿ ಆಮೇಲೆ ಈಜಿಪ್ಟಲ್ಲಿ ಆನಂದ ಪ್ರಸಾದ್ ಅನ್ನೋ ನಮ್ಮ ಬಿಹಾರ ಮೂಲದ ಡಾಕ್ಟ್ರು, ಇಪ್ಪತ್ತು ವರ್ಷ ಆದ್ರೂ ಹತ್ತು ವರ್ಷದ ಮಕ್ಕಳಂಗೆ ಕಾಣ್ತಿದ್ದ ಹುಡುಗ್ರನ್ನ ನೋಡಿ ಇದು ಸತುವಿನ ಕೊರತೆ ಅಂದ್ರು. ಆ ಹುಡುಗ್ರು ಹೆಚ್ಚಾಗಿ ಬ್ರೆಡ್ಡೇ ತಿಂತಿದ್ರು, ಸತುವು ಅದ್ರಲ್ಲಿ ಇತ್ತು, ಫೈಟೇಟ್ ಅನ್ನೋದು ಹಿಡ್ಕೊಂಡು ಹೊಟ್ಟೆಗೆ ಸೇರಕ್ಕೆ ಬಿಡ್ತಿರಲಿಲ್ಲ. ಅಲ್ಲೂ ಅದೇ ಕಥೆ.

ಈಗ ಕೇಳ್ತೀರ, ನಮ್ಮ ತಾತ ಮುತ್ತಾತಂದಿರು ಜಿಂಕ್ ಹಾಕಿದ್ರಾ? ಹಾಕ್ಲಿಲ್ಲ. ಅವರಿಗೆ ಎಕರೆಗೆ ಎಂಟು ಹತ್ತು ಕ್ವಿಂಟಾಲ್ ಬಂದ್ರೆ ದೊಡ್ಡದು, ಒಂದು ಬೆಳೆ, ಆಮೇಲೆ ಗದ್ದೆ ಒಣಗಿ ಬಿರುಕು ಬಿಡೋದು, ಕೊಟ್ಟಿಗೆ ಗೊಬ್ಬರ ಗಾಡಿಗಟ್ಟಲೆ, ಹೊಂಗೆ ಸೊಪ್ಪು. 1966ರ ನವೆಂಬರಲ್ಲಿ ಇರ್ರಿ ಐಆರ್-8 ಅನ್ನೋ ಹೆಚ್ಚು ಇಳುವರಿ ತಳಿ ಬಿಟ್ತು, 1968ಕ್ಕೆ ನಮ್ಮಲ್ಲಿ ಜಯಾ ತಳಿ ಬಂತು, ಮಂಡ್ಯದ ವಿ.ಸಿ. ಫಾರಂನಿಂದ 1996ರಲ್ಲಿ ಕೆಆರ್‌ಎಚ್-2 ಹೈಬ್ರಿಡ್ ಬಂತು. ಇಳುವರಿ ಎರಡರಷ್ಟು ಮೂರರಷ್ಟು ಆಯ್ತು, ಎರಡು ಬೆಳೆ ಆಯ್ತು, ನಾಲೆ ನೀರು ಇದ್ದಷ್ಟು ದಿನ ಗದ್ದೆ ಒಣಗೋದೇ ಇಲ್ಲ ಅನ್ನೋ ಹಂಗಾಯ್ತು, ಗೊಬ್ಬರ ಅಂದ್ರೆ ಯೂರಿಯಾ ಡಿಎಪಿ ಪೊಟ್ಯಾಷ್ ಅಷ್ಟೇ ಆಯ್ತು, ಜೆಸಿಬಿ ತಂದು ಗದ್ದೆ ಮಟ್ಟ ಮಾಡ್ಸಿ ಮೇಲ್ಮಣ್ಣು ಒಂದ್ಕಡೆ ಹೋಗಿ ಬಿಳಿ ಸುಣ್ಣದ ಮಣ್ಣು ಮೇಲೆ ಬಂತು. ಮಟ್ಟ ಮಾಡ್ಸಿದ ಗದ್ದೆಲಿ ಕಡಿದ ಕಡೆ ಪೈರು ಏಳಲ್ಲ, ತುಂಬಿದ ಕಡೆ ಚೆನ್ನಾಗಿದೆ ಅಂತ ಎಷ್ಟು ಜನ ನೋಡಿಲ್ಲ ಹೇಳಿ.

ಅಖಿಲ ಭಾರತ ಮಟ್ಟದಲ್ಲಿ 1967ರಿಂದ ಕಿರುಪೋಷಕಾಂಶಗಳ ಸಮನ್ವಯ ಯೋಜನೆ ಅಂತ ನಡೀತಿದೆ. ಮೊದಲಿನ ದಶಕಗಳಲ್ಲಿ ತಂದ ಮಣ್ಣಲ್ಲಿ ಸುಮಾರು ಅರ್ಧದಷ್ಟು ಸತುವಿಲ್ಲದ್ದು. ಇತ್ತೀಚೆಗೆ ಎರಡು ಲಕ್ಷಕ್ಕೂ ಜಾಸ್ತಿ ಸ್ಯಾಂಪಲ್ ನೋಡಿದಾಗ 36.5 ಪರ್ಸೆಂಟ್. ಇಳಿದಿದೆ, ಯಾಕಂದ್ರೆ ಐವತ್ತು ವರ್ಷದಿಂದ ಜನ ಜಿಂಕ್ ಹಾಕ್ತಿದಾರೆ. ಒಂದು ಪುಟ್ಟ ಬರಹದಿಂದ ಶುರುವಾಗಿದ್ದು ಇಷ್ಟು ದೂರ ಬಂತು.

ನಮ್ಮ ರಾಜ್ಯಕ್ಕೆ ಬರೋಣ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಕರಿ ಎರೆಭೂಮಿ, ಸುಣ್ಣದ ಹರಳು, ಜವಳು, ವರ್ಷಕ್ಕೆರಡು ಭತ್ತ, ಖೈರಾಕ್ಕೆ ಹೇಳಿ ಮಾಡಿಸಿದ ಜಾಗ. ನಮ್ಮ ಕಾವೇರಿ ಬಯಲಲ್ಲೂ ತಗ್ಗಿನ ಚೌಳು ಗದ್ದೆಗಳಲ್ಲಿ ಇದೇ ಕಾಟ. ಆದ್ರೆ ಕರಾವಳಿಗೆ ಹೋಗಿ, ಉಡುಪಿ ದಕ್ಷಿಣ ಕನ್ನಡದಲ್ಲಿ, ಬೆಟ್ಟು, ಮಜಲು, ಬೈಲು ಅಂತ ಗದ್ದೆನ ನೀರಿನ ಲೆಕ್ಕದಲ್ಲೇ ಹೆಸರಿಟ್ಟು ಕರೀತಾರೆ, ಅಲ್ಲಿ ತಗ್ಗಿನ ಬೈಲು ಗದ್ದೆಲಿ ಪೈರು ಕೆಂಪಾದ್ರೆ ಕಾರಣ ಬೇರೆ. ಅಲ್ಲಿನ ಮುರಕಲ್ಲು ಮಣ್ಣು ಹುಳಿ, ಕಬ್ಬಿಣ ಹೇರಳ, ನೀರು ನಿಂತ್ರೆ ಅದು ಕರಗಿ ಬೇರಿಗೆ ವಿಷ ಆಗೋಷ್ಟು ಸಿಗುತ್ತೆ. ನೀರಿನ ಮೇಲೆ ಎಣ್ಣೆ ಚೆಲ್ಲಿದಂಗೆ ಬಣ್ಣಬಣ್ಣದ ಪೊರೆ ಕಟ್ಟಿರುತ್ತೆ, ಕೋಲಲ್ಲಿ ಮುಟ್ಟಿದ್ರೆ ಚೂರುಚೂರಾಗಿ ಒಡೆಯುತ್ತೆ, ಎಣ್ಣೆ ಆದ್ರೆ ಮತ್ತೆ ಕೂಡ್ಕೊಳುತ್ತೆ. ಅಲ್ಲಿ ಬೇಕಾಗಿರೋದು ಸುಣ್ಣ, ಪೊಟ್ಯಾಷು, ನೀರು ಬಸಿಯೋ ಕಾಲುವೆ. ಮಂಡ್ಯದೋರು ಫೋನಲ್ಲಿ ಹೇಳಿದ ಜಿಂಕನ್ನ ಕುಂದಾಪುರದ ನೆಂಟರು ಹಾಕಿದ್ರೆ ದುಡ್ಡು ದಂಡ.

ಗುರುತು ಹಿಡಿಯೋದು ಹೆಂಗೆ ಅಂದ್ರೆ ಗದ್ದೆಗಿಳಿದು ಒಂದು ಬುಡ ಕಿತ್ತು ನೋಡಿ. ಎಳೇ ಎಲೆ, ಬುಡದ ಕಡೆ ನಡುನರ ಪೇಲವ ಆಗಿದ್ಯಾ, ಗದ್ದೆ ಎಲ್ಲ ಒಂದೇ ಸಮ ಇಲ್ದೆ ತೇಪೆ ತೇಪೆ ಆಗಿದ್ಯಾ, ನೀರು ಬರೋ ಬಾಯಿ ಹತ್ರನೋ ತಗ್ಗಲ್ಲೋ ಜಾಸ್ತಿನಾ, ಮಣ್ಣು ಚೌಳಾ, ಆದ್ರೆ ಸತುವು. ಹಳೇ ಎಲೆಯ ತುದಿಯಿಂದ ಕಂದು ಚುಕ್ಕೆ ಶುರುವಾಗಿ ಕೆಳಕ್ಕೆ ಇಳೀತಿದ್ದು, ಬೇರು ತುಕ್ಕಿನ ಬಣ್ಣ ಕಟ್ಟಿದ್ದು, ಮಣ್ಣು ಹುಳಿ ಇದ್ರೆ ಕಬ್ಬಿಣ. ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ ಇದ್ರೆ ಅದು ಬೆಂಕಿ ರೋಗ, ಅದಕ್ಕೆ ಮಾತ್ರ ಔಷಧಿ ಅಂಗಡಿ. ಪೈರು ಕೆಂಪಾಯ್ತು ಅಂದ ತಕ್ಷಣ ಕೌಂಟರ್ ಮೇಲೆ ಮೂರು ಬಾಟಲಿ ಇಡೋರು ಇದಾರೆ, ಒಂದು ಶಿಲೀಂಧ್ರಕ್ಕೆ, ಒಂದು ಹುಳಕ್ಕೆ, ಒಂದು ಟಾನಿಕ್ಕು. ಅದ್ರಲ್ಲಿ ಟಾನಿಕ್ಕಿನ ಬಾಟಲಿ ಹಿಂದೆ ಸಣ್ಣಕ್ಷರದಲ್ಲಿ ಜಿಂಕ್ ಅಂತ ಇದ್ದು ಪೈರು ಎದ್ರೆ ಕೀರ್ತಿ ಮೂರಕ್ಕೂ ಸಲ್ಲುತ್ತೆ.

ಇನ್ನು ಸಾರಜನಕ. ಇದಕ್ಕೂ ಅದೇ ಲೆಕ್ಕ, ಜೇಬಿಗೆ ಇನ್ನೂ ಹತ್ರದ್ದು. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ 46 ಪರ್ಸೆಂಟು, 20 ಕೆಜಿ ಚಿಲ್ಲರೆ. ನೀರು ನಿಂತ ಗದ್ದೆಲಿ ಎರಚಿದ್ರೆ ಪೈರಿಗೆ ಸೇರೋದು ಸಾಮಾನ್ಯವಾಗಿ ಮೂವತ್ತರಿಂದ ನಲವತ್ತು ಪರ್ಸೆಂಟ್, ಅಂದ್ರೆ ಆರರಿಂದ ಎಂಟು ಕೆಜಿ. ಸ್ವಲ್ಪ ಅಮೋನಿಯಾ ಆಗಿ ಗಾಳಿಗೆ, ಅದ್ರಲ್ಲೂ ಬಿಸಿಲಲ್ಲಿ ಪಾಚಿ ಇರೋ ನೀರಿಂದ. ಇನ್ನೊಂದಷ್ಟಕ್ಕೆ ಆಗೋದು ಸ್ವಾರಸ್ಯ: ಗದ್ದೆ ಕೆಸರಿನ ಮೇಲ್ಭಾಗದ ತೆಳು ಪದರಕ್ಕೆ ಮಾತ್ರ ಆಮ್ಲಜನಕ ತಾಗುತ್ತೆ, ಅಲ್ಲಿ ಅಮೋನಿಯಂ ಹೋಗಿ ನೈಟ್ರೇಟ್ ಆಗುತ್ತೆ, ಆ ನೈಟ್ರೇಟು ಕೆಳಗಿನ ಉಸಿರಿಲ್ಲದ ಪದರಕ್ಕೆ ಇಳಿದ ಕೂಡ್ಲೇ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಮುರಿದು ನೈಟ್ರೋಜನ್ ಗಾಳಿ ಮಾಡಿ ಬಿಟ್ಬಿಡ್ತವೆ. ಇದನ್ನ ಜಪಾನಿನ ಶಿಯೋಇರಿ ಎರಡನೇ ಮಹಾಯುದ್ಧದ ಕಾಲದಲ್ಲೇ ಕಂಡ್ಕೊಂಡು, ಗೊಬ್ಬರನ ಮೇಲೆ ಎರಚಬೇಡಿ ಕೆಸರೊಳಗೆ ಸೇರ್ಸಿ ಅಂತ ಹೇಳಿದ್ರು. ನಾವು ಇವತ್ತಿಗೂ ಬದು ಮೇಲೆ ನಿಂತು ಎರಚ್ತೀವಿ. ತಪ್ಪು ರೈತಂದು ಮಾತ್ರ ಅಲ್ಲ ಬಿಡಿ, ಯೂರಿಯಾ ಚೀಲ 270 ರೂಪಾಯಿ ಒಳಗೆ, ಡಿಎಪಿ 1350, 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಅಂತ ತಂದಾಗ ಯೂರಿಯಾ ಒಂದನ್ನ ಹೊರಗಿಟ್ರು, ಅಗ್ಗ ಇರೋದನ್ನ ಯಾರು ಬಿಡ್ತಾರೆ.

ಇರ್ರಿಲಿ ಒಂದು ತಾಕು ಇದೆ, 1960ರ ದಶಕದ ಶುರುವಿಂದ ಬಿಡದೆ ಭತ್ತ ಬೆಳೀತಿದಾರೆ, ವರ್ಷಕ್ಕೆ ಮೂರು ಬೆಳೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಇಳುವರಿ ನಿಧಾನಕ್ಕೆ ಬೀಳ್ತಾ ಬಂತು, ತಳಿ ಬದಲಾಯ್ಸಿದ್ರೂ ಬೀಳ್ತು. ಮಣ್ಣಲ್ಲಿ ಒಟ್ಟು ಸಾರಜನಕ ನೋಡಿದ್ರೆ ಕಮ್ಮಿ ಆಗಿಲ್ಲ! ಕೆನೆತ್ ಕ್ಯಾಸ್ಮನ್ ಮತ್ತೆ ಜೊತೆಯವರು ಇದನ್ನ ಕೆದಕಿ, ವರ್ಷವಿಡೀ ನೀರಲ್ಲೇ ಇದ್ದ ಮಣ್ಣಲ್ಲಿ ಸಾರಜನಕ ಬಿಡದ ರೂಪಕ್ಕೆ ಹೋಗಿದೆ ಅಂದ್ರು. 1990ರ ದಶಕದ ಶುರುಲಿ ಗೊಬ್ಬರ ಕೊಡೋ ಹೊತ್ತು ಬದಲಾಯ್ಸಿ, ಪ್ರಮಾಣ ಹೆಚ್ಚಿಸಿ, ಬೆಳೆ ನಡುವೆ ಮಣ್ಣು ಒಣಗಕ್ಕೆ ಬಿಟ್ಟ ಮೇಲೆ ಇಳುವರಿ ಮತ್ತೆ ಮೇಲೆದ್ದಿತು. ನಾಲೆ ನಿಲ್ಸಿದಾಗ ಸರ್ಕಾರನ ಬೈಯೋದು ಬೈಯಿರಿ, ನಾನು ಬೇಡ ಅನ್ನಲ್ಲ, ಆದ್ರೆ ಗದ್ದೆಗೆ ಆ ಒಂದು ತಿಂಗಳ ಬಿಸಿಲು ನಷ್ಟ ಅಲ್ಲ.

ಪ್ರಶ್ನೆಗಳಿಗೆ ಬರ್ತೀನಿ. ಎಲ್ಲ ಬರೆದ್ರೆ ಉದ್ದ ಆಗುತ್ತೆ, ಮುಖ್ಯವಾದ್ದು ಮಾತ್ರ.

ಮುಂದಿನ ಸಾಲಲ್ಲಿ ಕೂತಿದ್ದ ಒಬ್ರು ಯಜಮಾನ್ರು ಕೇಳಿದ್ರು, ಮಣ್ಣಿಗೆ ಎಕರೆಗೆ 8 ಕೆಜಿ ಜಿಂಕ್ ಸಲ್ಫೇಟ್ ಹಾಕಿ ಅಂತಾರೆ, ನೀವು ನೋಡಿದ್ರೆ ಪೈರು ತಿನ್ನೋದು 125 ಗ್ರಾಂ ಸತುವು ಅಂತೀರ, ಇದೆಂಥಾ ಲೆಕ್ಕ ಸ್ವಾಮಿ ಅಂತ. ಸರಿಯಾದ ಪ್ರಶ್ನೆ. ಹರಳಿನ ಜಿಂಕ್ ಸಲ್ಫೇಟಲ್ಲಿ ಸತುವು 21 ಪರ್ಸೆಂಟು, 8 ಕೆಜಿಗೆ ಒಂದು ಕೆಜಿ 680 ಗ್ರಾಂ ಬರುತ್ತೆ. ಅದ್ರಲ್ಲಿ ಮೊದಲ ಬೆಳೆ ಎಳ್ಕೊಳೋದು ಬರೀ ಎರಡರಿಂದ ಐದು ಪರ್ಸೆಂಟು, ಮಿಕ್ಕಿದ್ದನ್ನ ಮಣ್ಣೇ ಹಿಡ್ಕೊಳುತ್ತೆ, ಆದ್ರೆ ಒಂದೇ ಸಲಕ್ಕೆ ಬಿಗಿಯಲ್ಲ, ನಿಧಾನಕ್ಕೆ ಮುಂದಿನ ಎರಡು ಮೂರು ಬೆಳೆವರೆಗೂ ಚೂರು ಚೂರೇ ಬಿಡುತ್ತೆ. ಅದಕ್ಕೇ ಪ್ರತಿ ಬೆಳೆಗೂ ಹಾಕೋದು ದಂಡ. ಇನ್ನೊಂದು, ಸತುವು ಮಣ್ಣಲ್ಲಿ ಓಡಾಡಲ್ಲ, ಬಿದ್ದ ಜಾಗದಿಂದ ಕೆಲವು ಮಿಲಿಮೀಟರ್ ಸರಿದ್ರೆ ಹೆಚ್ಚು, ಆದ್ದರಿಂದ ಗದ್ದೆಗೆಲ್ಲ ಸಮನಾಗಿ ಬೀಳ್ಬೇಕು, ಒಣ ಮಣ್ಣಲ್ಲೋ ಮರಳಲ್ಲೋ ಕಲಸಿ ಎರಚಿ. ಫಿಲಿಪೈನ್ಸಲ್ಲಿ ಸಸಿ ಬೇರನ್ನ 2 ಪರ್ಸೆಂಟ್ ಜಿಂಕ್ ಆಕ್ಸೈಡ್ ನೀರಲ್ಲಿ ಅದ್ದಿ ನೆಡೋ ಉಪಾಯನೂ ಮಾಡಿದ್ರು, ಕಮ್ಮಿಲಿ ಮುಗಿಯುತ್ತೆ.

ಡಿಎಪಿ ಜೊತೆ ಕಲಸ್ಬಹುದಾ ಅಂತ ಒಬ್ಬ ಹುಡುಗ ಕೇಳ್ದ. ಬೇಡ. ಡಿಎಪಿಲಿರೋ ರಂಜಕಕ್ಕೆ ಸತುವು ಸೇರಿದ್ರೆ ಎರಡೂ ಕರಗದ ಗಸಿ ಆಗ್ತವೆ. ಮಧ್ಯೆ ಎರಡು ಮೂರು ದಿನನಾದ್ರೂ ಬಿಡಿ.

ಹಿಂದಿನಿಂದ ಒಬ್ರು, ನಾನು ಚೀಲದ ಗೊಬ್ಬರ ಬಿಟ್ಟು ಸಗಣಿ ಗಂಜಲದ ಜೀವಾಮೃತ ಹಾಕ್ತಿದೀನಿ, ನನಗೂ ಜಿಂಕ್ ಬೇಕಾ ಅಂದ್ರು. ನೆನೆ ಅವರಿದ್ದಿದ್ರೆ ಈ ಪ್ರಶ್ನೆಗೆ ಖುಷಿ ಪಡ್ತಿದ್ರು. ಪಂತನಗರ ಆದ್ಮೇಲೆ ಅವರು ಹೈದರಾಬಾದ್ ಹತ್ರ ಇರೋ ಒಣಭೂಮಿ ಬೆಳೆಗಳ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ಗೆ ಹೋಗಿ ತೊಗರಿ ಕಡಲೆ ರೋಗಗಳ ಮೇಲೆ ಕೆಲಸ ಮಾಡಿದ್ರು, ಆಮೇಲೆ 1994ರಲ್ಲಿ ಏಷ್ಯನ್ ಆಗ್ರಿ ಹಿಸ್ಟರಿ ಫೌಂಡೇಶನ್ ಅಂತ ಕಟ್ಟಿ ಹಳೇ ಸಂಸ್ಕೃತ ಕೃಷಿ ಗ್ರಂಥಗಳನ್ನ ತರ್ಜುಮೆ ಮಾಡ್ಸಿ ಅಚ್ಚು ಹಾಕ್ಸಿದ್ರು, ಕುಣಪಜಲ ಅನ್ನೋ ಹಳೇ ದ್ರವಗೊಬ್ಬರನ ರೈತರ ಕೈಗೆ ತಲುಪಿಸಿದ್ರು. ಅದೇ ಮನುಷ್ಯ, ಜಿಂಕ್ ಸಲ್ಫೇಟ್ ಹೇಳಿದೋನು. ಅವರಿಗೆ ಈ ಎರಡರಲ್ಲಿ ಜಗಳ ಕಾಣ್ಲಿಲ್ಲ, ನನಗೂ ಕಾಣಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸತುವೂ ಇರುತ್ತೆ, ಬೇರಿಗೆ ಸಿಗೋ ಹಂಗೂ ಇರುತ್ತೆ, ವರ್ಷಾ ವರ್ಷಾ ಗಾಡಿಗಟ್ಟಲೆ ಹಾಕ್ತಿದ್ರೆ ಬಹುಶಃ ಬೇಕಾಗಲ್ಲ. ಜೀವಾಮೃತದ ಇನ್ನೂರು ಲೀಟರಲ್ಲಿ ಅಷ್ಟು ಸತುವು ಬರಲ್ಲ. ಹಸಿರೆಲೆ ಗೊಬ್ಬರಕ್ಕೆ ಅಂತ ಡಯಾಂಚ, ಸೆಣಬು ಬೆಳೆದು ಮಗುಚಿದೋರು ಕೊಳೆಯಕ್ಕೆ ಎರಡು ವಾರ ಬಿಟ್ಟು ನಾಟಿ ಮಾಡಿ, ಹಸೀದು ಹಾಕಿ ಮರುದಿನ ನಾಟಿ ಮಾಡಿದ್ರೆ ಆಗ್ಲೇ ಹೇಳಿದ್ನಲ್ಲ, ಸತುವಿನ ಕಾಟ ಜಾಸ್ತಿ ಆಗುತ್ತೆ.

ಹುಲ್ಲು ಸುಡೋ ಬಗ್ಗೆ ಒಂದು ಪ್ರಶ್ನೆ ಬಂತು. ಪೈರು ಎಳೆದ ಪೊಟ್ಯಾಷಲ್ಲಿ ಐದರಲ್ಲಿ ನಾಲ್ಕು ಭಾಗ ಹುಲ್ಲಲ್ಲೇ ಇರುತ್ತೆ. ಸುಟ್ರೆ ಸಾರಜನಕ ಹೊಗೆಲಿ ಹೋಗುತ್ತೆ, ಹುಲ್ಲು ಮಾರಿದ್ರೆ ಪೊಟ್ಯಾಷ್ ಗಾಡಿ ಹತ್ತಿ ಹೋಗುತ್ತೆ. ದನ ಇರೋರಿಗೆ ಹುಲ್ಲು ಬೇಕೇ ಬೇಕು, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಸಗಣಿ ವಾಪಸ್ ಗದ್ದೆಗೆ ಬರ್ಲಿ ಅಷ್ಟೇ.

ಕೊನೇದಾಗಿ ಎದ್ದವರು ಸ್ವಲ್ಪ ಸಿಟ್ಟಲ್ಲೇ ಇದ್ರು. ಮಣ್ಣು ಪರೀಕ್ಷೆ ಮಾಡ್ಸಿದೀನಿ, ಜಿಂಕು ಬೇಕಾದಷ್ಟಿದೆ ಅಂತ ಬಂದಿದೆ, ಪೈರು ನೋಡಿದ್ರೆ ನೀವು ಹೇಳಿದ ಹಂಗೇ ಕೂತಿದೆ, ನಾನು ಯಾರನ್ನ ನಂಬಲಿ? ಮಣ್ಣು ಯಾವ್ದರಲ್ಲಿ ತಗೊಂಡ್ರಿ ಅಂತ ಕೇಳ್ದೆ. ಮನೇಲಿದ್ದ ತಗಡಿನ ಬಕೆಟಲ್ಲಿ ಅಂದ್ರು. ಆ ತಗಡಿಗೆ ತುಕ್ಕು ಹಿಡೀದೇ ಇರ್ಲಿ ಅಂತ ಬಳಿದಿರೋದೇ ಸತುವು ಅಣ್ಣಾ. ಪಿಪಿಎಂನಲ್ಲಿ ಅರ್ಧ ಮುಕ್ಕಾಲು ಅಳೆಯೋ ಜಾಗದಲ್ಲಿ ಆ ಬಕೆಟಿಂದ ಒಂದಿಷ್ಟು ಕೆರೆದು ಬಂದ್ರೂ ಲೆಕ್ಕ ಕೆಟ್ಟುಹೋಗುತ್ತೆ. ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ, ತುಕ್ಕು ಹಿಡಿದ ಸಲಿಕೆ ಬೇಡ, ಗುಂಡಿ ತೆಗೆದ್ಮೇಲೆ ಅಂಚಿನ ಮಣ್ಣನ್ನ ಮರದ ತುಂಡಲ್ಲಿ ಕೆರೆದು ತೆಗೀರಿ. ಬದು ಹತ್ರ, ಗೊಬ್ಬರದ ಗುಂಡಿ ಹತ್ರ, ಮರದ ನೆರಳಲ್ಲಿ ಬೇಡ, ಅಡ್ಡಾದಿಡ್ಡಿ ನಡ್ಕೊಂಡು ಎಂಟು ಹತ್ತು ಕಡೆ, ಗೇಣು ಆಳ, ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಎಸೀರಿ, ಅರ್ಧ ಕೆಜಿ ಉಳಿಯೋವರೆಗೂ ಹಂಗೇ ಮಾಡಿ ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ. ಯೂರಿಯಾ ಖಾಲಿ ಚೀಲದಲ್ಲಿ ಮಾತ್ರ ಕಟ್ಟಿ ಕಳಿಸ್ಬೇಡಿ. ರಿಪೋರ್ಟ್ ಬರೋವರೆಗೂ ಕಾಯಕ್ಕಾಗಲ್ಲ ಅಂದ್ರೆ, ಕೂತಿರೋ ಪೈರಲ್ಲಿ ಎರಡು ಗುಂಟೆ ಗುರುತು ಮಾಡ್ಕೊಂಡು ಅಲ್ಲಿಗೆ ಮಾತ್ರ ಜಿಂಕು ಸುಣ್ಣದ ನೀರು ಹೊಡೀರಿ, ಹತ್ತು ದಿನ ಬಿಟ್ಟು ಹೊಸ ಎಲೆ ಬಣ್ಣ ನೋಡಿ, ಪಕ್ಕದ್ದಕ್ಕೂ ಇದಕ್ಕೂ ವ್ಯತ್ಯಾಸ ಕಂಡ್ರೆ ಮಿಕ್ಕ ಗದ್ದೆಗೂ ಹೊಡೀರಿ.